ಶುಶ್ರೂಷೆಯೂ ಜೀವನೋಪಾಯವೂ

ದಾದಿಯ ವೃತ್ತಿಗೆ ಸೇರುವ ತರುಣಿಯರನ್ನು ಕುರಿತು ಲೋಕವು ಎರಡು ಬಗೆಯಾಗಿ ಮಾತನಾಡುವುದು. ಕೆಲವರು ಅವರನ್ನು ತ್ಯಾಗಮೂರ್ತಿಗಳೆಂದು ಹೊಗಳುವರು. ಮತ್ತೆ ಕೆಲವರು, ಸಂಬಳಕ್ಕಾಗಿ ಬಂದವರಲ್ಲಿ ಸೇವೆಯೆಲ್ಲಿಯದೆಂದು ಮೂಗು ಮುರಿಯುವರು. ಇವೆರಡರಲ್ಲಿ ಯಾವುದು ದಿಟ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯು ಮಳೆಯನ್ನು ನೆಚ್ಚಿದ ನಾಡು. ಕಡಲೆಕಾಯಿಯ ಹೊಲ ಒಣಗಿದ ವರ್ಷ ಒಕ್ಕಲ ಮನೆಯಲ್ಲಿ ಬೆಳೆಯುವುದು ಸಾಲವೊಂದೇ. ಅಂತಹ ಮನೆಯ ಮಗಳೊಬ್ಬಳು ಪದವಿಪೂರ್ವ ತರಗತಿಯನ್ನು ಮುಗಿಸಿ, ಮೂರು ವರ್ಷದ ದಾದಿಯ ಶಿಕ್ಷಣಕ್ಕೆ ಸೇರುವಳೆನ್ನೋಣ. ಏಕೆ ಸೇರಿದೆಯಮ್ಮಾ ಎಂದು ಕೇಳಿದರೆ, ಬೇಗ ಕೆಲಸ ಸಿಕ್ಕುತ್ತದೆ, ತಮ್ಮನನ್ನು ಓದಿಸಬಹುದು ಎನ್ನುವಳು. ಕೊಂಚ ತಡೆದು, ಅಜ್ಜಿಯ ಕಡೆಗಾಲದಲ್ಲಿ ಬಳಿಯಿದ್ದು ನೋಡಿಕೊಂಡವಳು ತಾನೇ ಎಂದೂ ಹೇಳಿಯಾಳು. ಈ ಎರಡು ಉತ್ತರಗಳಲ್ಲಿ ಒಂದನ್ನು ಸುಳ್ಳೆನ್ನಲು ಕಾರಣವೇನಿದೆ?

ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದೆ. ಪರಿಚಾರಕನಲ್ಲಿರಬೇಕಾದ ಗುಣಗಳೂ ನಾಲ್ಕು: ಉಪಚಾರದ ಅರಿವು, ದಕ್ಷತೆ, ತಾನು ಸೇವಿಸುವವನಲ್ಲಿ ಅನುರಾಗ, ಶುಚಿತ್ವ. ಅನುರಾಗವನ್ನು ಶಾಸ್ತ್ರವು ಬಿಟ್ಟಿಲ್ಲ. ಅದೊಂದೇ ಸಾಕೆಂದೂ ಹೇಳಿಲ್ಲ. ಸಂಬಳವನ್ನು ಪಡೆಯಬಾರದೆಂಬುದಂತೂ ಆ ನಾಲ್ಕರಲ್ಲಿ ಇಲ್ಲವೇ ಇಲ್ಲ. ಕನಿಕರದಿಂದ ಕಣ್ಣೀರಿಡುತ್ತ ಮದ್ದಿನ ಅಳತೆಯಲ್ಲಿ ತಪ್ಪುವವಳಿಗಿಂತ, ಮನೆಯ ಸಾಲವನ್ನು ನೆನೆಯುತ್ತಲೇ ಅಳತೆ ತಪ್ಪದೆ ಕೊಡುವವಳು ರೋಗಿಗೆ ಹೆಚ್ಚಿನ ಬಂಧು.

ಹಾಗಾದರೆ ಅನುರಾಗವು ಹುಟ್ಟುವುದೆಲ್ಲಿ? ಶುಶ್ರೂಷಾ ಎಂಬ ಶಬ್ದದ ಮೂಲಾರ್ಥವು ಕೇಳಬೇಕೆಂಬ ಇಚ್ಛೆ. ನಡುರಾತ್ರಿಯಲ್ಲಿ ನರಳುವವರ ಮಾತನ್ನು ದಿನದಿನವೂ ಕೇಳುತ್ತ ಕೇಳುತ್ತ ಮನಸ್ಸು ಮೃದುವಾಗುವುದು. ಅದೇ ಅಭ್ಯಾಸದಿಂದ ಕೆಲವರ ಮನಸ್ಸು ಕಲ್ಲಾಗುವುದೂ ಉಂಟು. ಆದಕಾರಣ ಅವರ ನಿಜವಾದ ಪರೀಕ್ಷೆ ನಡೆಯುವುದು ರೋಗಿಯ ಹಾಸಿಗೆಯ ಬಳಿಯಲ್ಲಿ. ಶಾಲೆಯ ಬಾಗಿಲಲ್ಲಿ ಆ ಫಲವನ್ನು ಯಾರೂ ಹೇಳಲಾರರು. ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮವು ಕುಷ್ಠ ಮತ್ತು ಕ್ಷಯ ರೋಗಿಗಳ ಆರೈಕೆಯನ್ನು ಕೈಗೊಂಡಿತು. ಒಡಹುಟ್ಟಿದವರೂ ಮುಟ್ಟಲು ಹಿಂಜರಿಯುವ ವ್ರಣವನ್ನು ಒಂದು ಕೈ ತೊಳೆಯುತ್ತಿರುವಾಗ, ಅದು ಕೂಲಿಯ ಕೈಯೋ ಕರುಣೆಯ ಕೈಯೋ ಎಂದು ಬೇರ್ಪಡಿಸಿ ನೋಡಬಲ್ಲವರಾರು?

ಹೊಗಳಿಕೆಯಲ್ಲಿಯೂ ಒಂದು ದೋಷವುಂಟು. 2020ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ಆಶಾ ಕಾರ್ಯಕರ್ತೆಯರು ಹಳ್ಳಿಹಳ್ಳಿಯಲ್ಲಿ ಮನೆಮನೆಗೂ ಹೋದರು. ಜನರು ಅವರನ್ನು ಕೊಂಡಾಡಿದರು. ಅದೇ ವರ್ಷದ ಜುಲೈ ತಿಂಗಳಿನಲ್ಲಿ, ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನಕ್ಕಾಗಿ ಕರ್ನಾಟಕದಲ್ಲಿ ಅವರು ಮುಷ್ಕರ ಹೂಡಬೇಕಾಯಿತು. ತ್ಯಾಗವೆಂಬ ದೊಡ್ಡ ಮಾತು ಕೂಲಿಯನ್ನು ತಗ್ಗಿಸುವ ಉಪಾಯವಾದರೆ ಅದು ಅಧರ್ಮವೇ ಸರಿ. ಹಸಿದವಳಿಂದ ಸೇವೆಯನ್ನು ಪಡೆದು ಅವಳ ಹಸಿವನ್ನೇ ಪುಣ್ಯವೆಂದು ಕರೆಯುವುದು ಕೃತಜ್ಞತೆಯಾಗಲಾರದು.

ಆದುದರಿಂದ ಮನೆಯ ಮಗಳು ಈ ವೃತ್ತಿಯನ್ನು ಆರಿಸಿಕೊಂಡಾಗ ಹಿರಿಯರು ಅವಳ ಮನಸ್ಸಿನ ಮೂಲವನ್ನು ಕೆದಕುವ ಅಗತ್ಯವಿಲ್ಲ. ರಾತ್ರಿಯ ಪಾಳಿಯನ್ನು ಮುಗಿಸಿ ಬೆಳಗಾಗುತ್ತಲೇ ಬಂದವಳನ್ನು, ಉಂಡೆಯಾ ಮಗಳೇ, ಎಂದು ಕೇಳಿದರೆ ಸಾಕು. ಲೋಕದ ನೋವನ್ನು ಕೇಳಿ ಬಂದವಳ ಮಾತನ್ನು ಕೇಳುವವರೂ ಮನೆಯಲ್ಲಿ ಒಬ್ಬರಿರಬೇಕು, ಅದೂ ಶುಶ್ರೂಷೆಯೇ.