ಕಪ್ ಎತ್ತದ ಕೈಗಳು

ದೊಡ್ಡ ಆಟಗಾರ ಯಾರು ಎಂಬ ಚರ್ಚೆ ನಮ್ಮಲ್ಲಿ ಬಹುಬೇಗ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: 'ವರ್ಲ್ಡ್ ಕಪ್ ಗೆದ್ದಿದ್ದಾನಾ?' ಹಾಸನದಲ್ಲಿ ಓದುವಾಗ ಈ ಪ್ರಶ್ನೆಯ ಮುಂದೆ ಸದಾ ಸೋಲುತ್ತಿದ್ದವರು ಜಾವಗಲ್ ಶ್ರೀನಾಥ್. ಅವರು ಮೈಸೂರಿನವರು, ಆದರೆ ಹೆಸರಿನ ಮೊದಲಲ್ಲೇ ನಮ್ಮ ಜಿಲ್ಲೆಯ ಊರಿದೆ. ಅವರೆದುರು ನಾವು ಇಡುತ್ತಿದ್ದ ಹೆಸರು ಕರ್ನಾಟಕದವರೇ ಆದ ರೋಜರ್ ಬಿನ್ನಿ.

1983ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬಿನ್ನಿ. ಕಪ್ಪೂ ಬಂತು. ಶ್ರೀನಾಥ್ 1992ರಿಂದ 2003ರವರೆಗೆ ನಾಲ್ಕು ವಿಶ್ವಕಪ್ ಆಡಿ 44 ವಿಕೆಟ್ ತೆಗೆದರು. ಕಪ್ ಬರಲಿಲ್ಲ. ಟೆಸ್ಟ್‌ನಲ್ಲಿ ಬಿನ್ನಿಯವರದು 47 ವಿಕೆಟ್, ಶ್ರೀನಾಥರದು 236. ಏಕದಿನ ಪಂದ್ಯಗಳಲ್ಲಿ 77 ಮತ್ತು 315. ಬಿನ್ನಿ ಆಲ್‌ರೌಂಡರ್, ಆಡಿದ ಪಂದ್ಯಗಳೂ ಕಡಿಮೆ, ನಿಜ. ಆದರೂ ಕಪ್ಪೊಂದೇ ಅಳತೆಗೋಲಾದರೆ ಶ್ರೀನಾಥರ ಹನ್ನೊಂದು ವರ್ಷಗಳ ದುಡಿಮೆಗೆ ಲೆಕ್ಕದಲ್ಲಿ ಜಾಗವೇ ಇಲ್ಲ.

ಈ ಜಗಳ ನಮ್ಮದು ಮಾತ್ರವಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪ್ರಿಯರು ಮೈಕೆಲ್ ಜೋರ್ಡನ್ ಗೆದ್ದ 6 ಚಾಂಪಿಯನ್‌ಷಿಪ್‌ಗಳನ್ನು ಲೆಬ್ರಾನ್ ಜೇಮ್ಸ್‌ನ 4ರ ಪಕ್ಕ ಇಟ್ಟು ತೀರ್ಪು ಕೊಡುತ್ತಾರೆ. ಎಣಿಕೆಯೇ ಮುಖ್ಯವಾದರೆ 11 ಗೆದ್ದ ಬಿಲ್ ರಸೆಲ್ ಮುಂದೆ ಇಬ್ಬರೂ ಚಿಕ್ಕವರಾಗಬೇಕು. ಆದರೆ ಹಾಗೆ ವಾದಿಸುವವರು ವಿರಳ. ಅಂದರೆ ಎಣಿಸುವವರೂ ಎಣಿಕೆಯನ್ನು ಪೂರ್ತಿ ನಂಬುವುದಿಲ್ಲ.

ಕಪ್ಪಿನಲ್ಲಿ ಹನ್ನೊಂದು ಜನರ ಪಾಲಿದೆ, ಕಾಲದ ಪಾಲೂ ಇದೆ. ಬಿನ್ನಿ ಕಪ್ ಗೆದ್ದಾಗ ಶ್ರೀನಾಥ್ 13 ವರ್ಷದ ಹುಡುಗ. ಹುಟ್ಟಿದ ವರ್ಷವನ್ನು ಯಾರೂ ಆರಿಸಿಕೊಳ್ಳುವುದಿಲ್ಲ. 1999ರಲ್ಲಿ ಕೋಲ್ಕತ್ತದ ಟೆಸ್ಟ್‌ನಲ್ಲಿ ಅವರು ಪಾಕಿಸ್ತಾನದ 13 ವಿಕೆಟ್ ಉರುಳಿಸಿದರು. ಎರಡನೇ ಇನಿಂಗ್ಸ್‌ನಲ್ಲಿ 86 ರನ್ನಿಗೆ 8. ಭಾರತ 46 ರನ್‌ಗಳಿಂದ ಸೋತಿತು. ಬ್ಯಾಟಿಂಗ್ ತಂಡ ಇನ್ನೊಂದಿಷ್ಟು ರನ್ ಗಳಿಸಿದ್ದರೆ ಆ 13 ವಿಕೆಟ್‌ಗಳ ಗುಣ ಬದಲಾಗುತ್ತಿತ್ತೇ?

ಹಾಗೆಂದು ಕಪ್ಪನ್ನು ಬರೀ ಅದೃಷ್ಟವೆಂದು ತಳ್ಳಿಹಾಕುವುದೂ ಅನ್ಯಾಯ. 183 ರನ್‌ಗಳಷ್ಟನ್ನೇ ಕಾಯಬೇಕಿದ್ದ ಆ ಫೈನಲ್‌ನಲ್ಲಿ ಬಿನ್ನಿ 10 ಓವರ್‌ಗೆ 23 ರನ್ ಕೊಟ್ಟು ಕ್ಲೈವ್ ಲಾಯ್ಡ್ ಅವರ ವಿಕೆಟ್ ಪಡೆದರು. 2003ರ ಫೈನಲ್‌ನಲ್ಲಿ ಶ್ರೀನಾಥ್ 10 ಓವರ್‌ಗೆ 87 ಕೊಟ್ಟರು, ವಿಕೆಟ್ ಸಿಗಲಿಲ್ಲ. ಒತ್ತಡದ ದಿನ ಕೈ ನಡುಗದಿರುವುದೂ ಒಂದು ಗುಣವೇ. ಆದರೆ ಆ ದಿನ ಹೇಳುವುದು ಆ ದಿನದ ಮಾತನ್ನು. ಅದೇ ಟೂರ್ನಿಯಲ್ಲಿ ಶ್ರೀನಾಥ್ ತೆಗೆದ 16 ವಿಕೆಟ್‌ಗಳನ್ನು ಅದು ಅಳಿಸಲಾರದು.

ನಮ್ಮ ಹಳೆಯ ಕವಿಗಳಿಗೆ ಈ ವಿವೇಕವಿತ್ತು. ಪಂಪನ ಕಥಾನಾಯಕ ಅರ್ಜುನ. ಓದಿದವರ ಮನಸ್ಸಿನಲ್ಲಿ ಉಳಿಯುವವನು ಕರ್ಣ. ರನ್ನನ ಗದಾಯುದ್ಧದಲ್ಲಿ ಗೆಲ್ಲುವವನು ಭೀಮ. ಕಾವ್ಯ ತುಂಬಿಕೊಂಡಿರುವುದು ದುರ್ಯೋಧನನನ್ನು. ಇಲ್ಲಿ ಎಚ್ಚರವೂ ಬೇಕು. ಸೋತದ್ದರಿಂದಲೇ ಕರ್ಣ ದೊಡ್ಡವನಾಗಲಿಲ್ಲ. ಸೋಲು ಕಣ್ಣೆದುರು ಕಂಡಾಗಲೂ ನಂಬಿದವನ ಕೈ ಬಿಡದಿದ್ದುದರಿಂದ ಆದ. ಸೋತವರ ಮೇಲಿನ ಕನಿಕರ ಬೇರೆ, ಗೌರವ ಬೇರೆ. ಸ್ಪಿನ್ನರ್‌ಗಳಿಗೆ ಒಲಿಯುವ ನಮ್ಮ ಪಿಚ್‌ಗಳಲ್ಲಿ ವರ್ಷಗಟ್ಟಲೆ ವೇಗವಾಗಿ ಚೆಂಡೆಸೆದವನಿಗೆ ಸಲ್ಲಬೇಕಾದದ್ದು ಗೌರವ.

ಈ ಪ್ರಶ್ನೆ ನನ್ನನ್ನು ಕಾಡುವುದು ಕ್ರಿಕೆಟ್‌ಗಾಗಿ ಅಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬಂದು ನನ್ನೊಂದಿಗೆ ಓದಿದವರಲ್ಲಿ ಕೆಲವರು ಇಂದಿಗೂ ಕೆಎಎಸ್, ಉಪನ್ಯಾಸಕ ಹುದ್ದೆಯ ಪರೀಕ್ಷೆ ಬರೆಯುತ್ತಿದ್ದಾರೆ. ಅವರು ಓದಿದ್ದು, ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದ್ದು ಯಾವುದೂ ಲೆಕ್ಕಕ್ಕಿಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಒಂದೇ ಮಾತು: 'ಏನ್ ಮಗ, ಕೆಲ್ಸ ಆಯ್ತಾ?' ಪಿಎಚ್.ಡಿ. ಮುಗಿಯದ ನನಗೂ ಅದೇ.

ಕೇಳುವವರು ಕೆಟ್ಟವರಲ್ಲ. ಅವರು ನಮ್ಮ ಆಟ ನೋಡಿಲ್ಲ, ಅಷ್ಟೆ. ನೋಡದವರಿಗೆ ಫಲಿತಾಂಶವೊಂದೇ ಆಧಾರ. ಸ್ಕೋರ್‌ಕಾರ್ಡ್ ತಿರುವಿದರೆ 'ಗೆದ್ದನೇ?' ಎಂಬುದಕ್ಕೆ ಒಂದೇ ನಿಮಿಷದಲ್ಲಿ ಉತ್ತರ ಸಿಗುತ್ತದೆ. 'ಹೇಗೆ ಆಡಿದ?' ಎಂಬುದಕ್ಕೆ ಉತ್ತರ ಬೇಕಾದರೆ ದಿನವಿಡೀ ಕೂತು ನೋಡಬೇಕು. ಒಬ್ಬರ ದೊಡ್ಡತನವನ್ನು ತೂಗುವ ಮೊದಲು ಅಷ್ಟು ಹೊತ್ತು ಕೊಡುವುದು ನಾವು ಅವರಿಗೆ ಸಲ್ಲಿಸಬೇಕಾದ ಕನಿಷ್ಠ ನ್ಯಾಯ.