ಹೆಂಚಿನ ಸಾಕ್ಷಿ, ಹಲ್ಲಿನ ಸಾಕ್ಷಿ

ಮಂಡ್ಯದ ಮಳವಳ್ಳಿ ಸೀಮೆಯ ಹಳ್ಳಿಯಲ್ಲಿ ಮಗುವಿನ ಹಾಲುಹಲ್ಲು ಬಿದ್ದರೆ ಅದನ್ನು ಸಗಣಿ ಉಂಡೆಯೊಳಗಿಟ್ಟು ಸೂರಿನ ಮೇಲಕ್ಕೆ ಎಸೆಯುವುದು ವಾಡಿಕೆ. ಆವಿಗೆಯಲ್ಲಿ ಬೆಂದ ನಾಡಹೆಂಚಿನ ಸಂದಿಯಲ್ಲಿ ಉಂಡೆ ಒಣಗುತ್ತದೆ, ಮಗು ಆಟಕ್ಕೆ ಓಡುತ್ತದೆ. ಹಲ್ಲನ್ನು ಮಗು ಮರೆತರೂ ಆ ಹಲ್ಲು, ಆ ಹೆಂಚು ತಮ್ಮ ಮೇಲೆ ಬಿದ್ದ ವಿಕಿರಣವನ್ನು ಮರೆಯುವುದಿಲ್ಲ.

ಹೆಂಚಿನ ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಆವಿಗೆಯ ಬೆಂಕಿ ಅವುಗಳ ಹಳೆಯ ಲೆಕ್ಕವನ್ನೆಲ್ಲ ಅಳಿಸಿಹಾಕುತ್ತದೆ. ಅಲ್ಲಿಂದಾಚೆಗೆ ಬಿದ್ದ ವಿಕಿರಣ ಹರಳಿನೊಳಗೆ ಜಮೆಯಾಗುತ್ತ ಹೋಗುತ್ತದೆ. ಪ್ರಯೋಗಾಲಯದಲ್ಲಿ ಮತ್ತೆ ಕಾಯಿಸಿದಾಗ ಹರಳು ಮಿಣುಕು ಬೆಳಕು ಬೀರುತ್ತದೆ. ಆ ಬೆಳಕನ್ನು ಅಳೆದರೆ ಉಂಡ ವಿಕಿರಣದ ಅಂದಾಜು ಸಿಗುತ್ತದೆ. 1945ರ ಆಗಸ್ಟ್‌ನಲ್ಲಿ ಹಿರೋಷಿಮಾ, ನಾಗಸಾಕಿಯ ಜನರ ಮೇಲೆ ಬಿದ್ದದ್ದೆಷ್ಟು ಎಂದು ಅಲ್ಲಿನ ಹೆಂಚು, ಇಟ್ಟಿಗೆಗಳು ಹೇಳಿದ್ದು ಹೀಗೆ. 1949ರಿಂದ 1989ರವರೆಗೆ 456 ಅಣುಪರೀಕ್ಷೆಗಳನ್ನು ಕಂಡ ಕಜಾಕಿಸ್ತಾನದ ಸೆಮಿಪಲಾಟಿನ್ಸ್ಕ್ ಬಯಲಿನ ಬಳಿ, ದೋಲೊನ್ ಹಳ್ಳಿಯ ಇಟ್ಟಿಗೆಗಳನ್ನೂ ಹೀಗೆಯೇ ಪರೀಕ್ಷಿಸಿದರು.

ಹಲ್ಲಿನದು ಬೇರೆ ದಾರಿ. ಅಣುಪರೀಕ್ಷೆಯ ಬೂದಿಯಲ್ಲಿರುವ ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನ ವೇಷದಲ್ಲಿ ಹುಲ್ಲಿಗೆ, ಹಾಲಿಗೆ, ಮಗುವಿನ ಹಲ್ಲಿಗೆ ಇಳಿಯುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1958ರಿಂದ 1970ರವರೆಗೆ ಸುಮಾರು 3 ಲಕ್ಷ ಹಾಲುಹಲ್ಲುಗಳನ್ನು ಇದಕ್ಕಾಗಿ ಕೂಡಿಸಿದರು. ಆ ಬೂದಿ ಗಡಿ ನೋಡಲಿಲ್ಲ. ಅಲ್ಪ ಪ್ರಮಾಣದಲ್ಲಾದರೂ ಲೋಕದ ಎಲ್ಲ ಮಳೆಯಲ್ಲೂ ಅದು ಬೆರೆಯಿತು. ಪರೀಕ್ಷೆಗಳನ್ನು ತಡೆಹಿಡಿಯಿರೆಂದು ನೆಹರೂ 1954ರ ಏಪ್ರಿಲ್ 2ರಂದು ಲೋಕಸಭೆಯಲ್ಲಿ ಕೇಳಿದ್ದು ಸುಮ್ಮನೆ ಅಲ್ಲ.

ಮಂಡ್ಯದ ನೆಲದಲ್ಲಿ ಮತ್ತೊಂದು ಲೆಕ್ಕವಿದೆ. ಇಲ್ಲಿನ ಗ್ರಾನೈಟ್, ನೈಸ್ ಬಂಡೆಗಳಲ್ಲಿ ಯುರೇನಿಯಂ, ಥೋರಿಯಂ ಹುಟ್ಟಿನಿಂದಲೇ ಇವೆ. ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು ಈ ಭಾಗದ ಕುಡಿಯುವ ನೀರಿನಲ್ಲಿ ರೇಡಾನ್, ರೇಡಿಯಂ ಅಳೆದಿದ್ದಾರೆ. ಯಾವ ಊರಿನ ಹೆಂಚೇ ಆಗಲಿ, ಒಟ್ಟು ಮೊತ್ತದಿಂದ ನೆಲ ಕೊಟ್ಟದ್ದನ್ನು ಕಳೆದರೆ ಮಾತ್ರ ಮನುಷ್ಯನ ಕೈಯ ಪಾಲು ಎಷ್ಟೆಂದು ಗೊತ್ತಾಗುವುದು.

ಧರ್ಮದ ಪ್ರಶ್ನೆ ಇರುವುದು ಈ ಕಳೆಯುವ ಲೆಕ್ಕದಲ್ಲಿಯೇ. ನೆಲ ಕೊಟ್ಟದ್ದಕ್ಕೆ ಯಾರೂ ಉತ್ತರ ಹೇಳಬೇಕಿಲ್ಲ. ಮನುಷ್ಯ ಸೇರಿಸಿದ್ದಕ್ಕೆ?

ಮನೆಯಲ್ಲಿ ವಾಸಿಯಾಗದ ಕಾಯಿಲೆ ಕಾಣಿಸಿಕೊಂಡಾಗ ನಮ್ಮ ಕಡೆ ಹಿರಿಯರು, ‘ಎಲ್ಲಾ ಹಣೇಬರ ಕಣವ್ವ’ ಅನ್ನುತ್ತಾರೆ. ನೊಂದವರಿಗೆ ಆ ಮಾತಿನಿಂದ ಒಂದಿಷ್ಟು ಸಮಾಧಾನ ಸಿಗುತ್ತದೆ. ನೋಯಿಸಿದವರಿಗೂ ಅದೇ ಮಾತು ಆಸರೆಯಾದರೆ ಕಷ್ಟ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರ ಹಣೆಯ ಮೇಲೆ ಬರೆದು ಕೈ ತೊಳೆದುಕೊಂಡಂತಾಗುತ್ತದೆ.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿ ನಿಂತಿದ್ದಾನೆ. ಅವನ ಧರ್ಮದಲ್ಲಿ ಕರ್ಮವೆಂದರೆ ಸೂಕ್ಷ್ಮ ದ್ರವ್ಯ, ಜೀವಕ್ಕೆ ಧೂಳಿನಂತೆ ಅಂಟುವ ಪುದ್ಗಲ. ಕಣ್ಣಿಗೆ ಕಾಣದಿದ್ದರೂ ಅದು ಲೆಕ್ಕ ತಪ್ಪುವುದಿಲ್ಲ. ವಿಕಿರಣವೂ ಹಾಗೆಯೇ ಎನಿಸಬಹುದು, ಆದರೆ ಇಲ್ಲೊಂದು ದೊಡ್ಡ ಅಂತರವಿದೆ. ಜೈನ ಕರ್ಮ ಅಂಟುವುದು ಮಾಡಿದವನಿಗೆ; ಅಣುಬೂದಿ ಅಂಟುವುದು ಗಾಳಿ ಬೀಸಿದ ಕಡೆ ಇದ್ದವನಿಗೆ. ಪ್ರಮಾದ, ಅಂದರೆ ಎಚ್ಚರಗೇಡಿತನವನ್ನೇ ಹಿಂಸೆಯ ಬೇರೆಂದ ಆ ದರ್ಶನದ ಕಣ್ಣಲ್ಲಿ, ಬೂದಿ ಎಲ್ಲಿ ಬಿದ್ದೀತೆಂದು ಯೋಚಿಸದೆ ಬಾಂಬು ಸಿಡಿಸಿದವರ ಪಾಪ ಚಿಕ್ಕದಲ್ಲ. ಹಾಗಾಗಿ ಡೋಸ್, ಅಂದರೆ ಮೈಗೆ ಬಿದ್ದ ವಿಕಿರಣದ ಲೆಕ್ಕ ಹಾಕುವುದೆಂದರೆ ಕರ್ಮವನ್ನು ಅದರ ಕರ್ತೃವಿಗೆ ಮರಳಿಸುವ ಕೆಲಸ.

ಲೆಕ್ಕ ಪಕ್ಕಾ ಆಗದು ಎಂಬ ಆಕ್ಷೇಪ ನಿಜ. ಥೈರಾಯ್ಡ್‌ಗೆ ಸೇರುವ ಅಯೋಡಿನ್-131 ಎಂಟು ದಿನಕ್ಕೆ ಅರ್ಧ ಕರಗುತ್ತದೆ. ಕೆಲವು ತಿಂಗಳಲ್ಲಿ ಅದರ ಸುಳಿವೂ ಉಳಿಯುವುದಿಲ್ಲ. ಆಗ ಉಳಿಯುವುದು ಜನರ ನೆನಪು. ನ್ಯೂ ಮೆಕ್ಸಿಕೊದಲ್ಲಿ 1945ರ ಜುಲೈ 16ರಂದು ನಡೆದ ಟ್ರಿನಿಟಿ ಅಣುಸ್ಫೋಟದ ಲೆಕ್ಕವನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2020ರಲ್ಲಿ ಪ್ರಕಟಿಸುವ ಮೊದಲು ಊರಿನ ಹಿರಿಯರನ್ನು ಕೂರಿಸಿ ಅಂದಿನ ಊಟ, ನೀರು, ಹಾಲಿನ ಬಗ್ಗೆ ವಿಚಾರಿಸಿತು. ಮದ್ದೂರಿನ ಜಗಲಿಯಲ್ಲಾದರೆ ಅದೇ ಪ್ರಶ್ನೆ ಹೀಗಿರುತ್ತಿತ್ತು: ‘ಕುಡಿಯಾಕೆ ನೀರು ಎಲ್ಲಿಂದ ತರ್ತಿದ್ರಿ ಅಜ್ಜಿ? ಹಸ ಎಲ್ಲಿ ಮೇಯ್ತಿತ್ತು? ಮಗೀಗೆ ದಿನಕ್ಕೆ ಎಷ್ಟು ಹಾಲು ಕೊಡ್ತಿದ್ರಿ?’

ಅಮೆರಿಕದ 1990ರ ಪರಿಹಾರ ಕಾಯ್ದೆ ನೆವಾಡಾ ಪರೀಕ್ಷೆಗಳ ಬೂದಿ ಬಿದ್ದ ಕಡೆಯವರಿಂದ ಡೋಸಿನ ಪುರಾವೆ ಕೇಳಲಿಲ್ಲ. ಆ ಸೀಮೆಯಲ್ಲಿ ಆ ಕಾಲಕ್ಕೆ ಇದ್ದದ್ದು, ಕಾಯ್ದೆ ಹೆಸರಿಸಿದ ಕಾಯಿಲೆ ಬಂದದ್ದು ನಿಜವಾದರೆ ಸಾಕೆಂದಿತು. ಸಂಶಯದ ಲಾಭವನ್ನು ನೊಂದವರಿಗೆ ಕೊಟ್ಟು ಕ್ಷಮೆಯನ್ನೂ ಕೇಳಿತು. ಟ್ರಿನಿಟಿಯ ಸುತ್ತಲಿನವರು ಮಾತ್ರ ಆ ಕಾಯ್ದೆಯ ಹೊರಗೇ ಉಳಿದು, 2025ರಲ್ಲಿ ಒಳಗೆ ಬಂದರು. 1945ರ ಆ ಬೇಸಿಗೆಯಲ್ಲಿ ಮಕ್ಕಳಿಗೆ ಹಾಲು ಕರೆದು ಕುಡಿಸಿದ ತಾಯಂದಿರಲ್ಲಿ ಬಹುತೇಕರು ಅಷ್ಟು ಹೊತ್ತಿಗೆ ತೀರಿಹೋಗಿದ್ದರು.