ನಂಬಿಕೆಗೆ ನೋಂದಣಿ ಬೇಕೆ?

"ಅಣ್ಣ ತಮ್ಮಂದಿರ ನಡುವೆ ಕಾಗದ ಪತ್ರ ಎಂಥದ್ದು?" ಎನ್ನುವ ಮಾತು ನಮ್ಮ ಜನರಲ್ಲಿ ಇಂದಿಗೂ ಉಂಟು. ಬರೆದುಕೊಡು ಎಂದು ಕೇಳಿದರೆ ನಂಬಿಕೆ ಇಲ್ಲವೆಂದು ಸಾರಿದಂತೆ ಎಂದೇ ಹಲವರ ಭಾವನೆ. ಅಮೆರಿಕಕ್ಕೆ ಬಂದು ಮನೆ ಮಾಡಿಕೊಂಡ ಮೇಲೂ ಈ ಸಂಕೋಚ ನಮ್ಮನ್ನು ಬಿಟ್ಟಿಲ್ಲ. ಒಬ್ಬನ ಹೆಸರಿನಲ್ಲಿರುವ ಮನೆಗೆ ಇನ್ನೊಬ್ಬ ದುಡ್ಡು ಹಾಕಿರುತ್ತಾನೆ. ಅರ್ಧ ಪಾಲಿಗೆ ಡೀಡ್ ಬರೆದು, ನೋಟರಿಯ ಮುಂದೆ ಸಹಿ ಮಾಡಿ, ಕೈಗೆ ಕೊಟ್ಟದ್ದೂ ಆಗಿರುತ್ತದೆ. ಆದರೆ ಅದನ್ನು ಕೌಂಟಿ ಕಚೇರಿಯಲ್ಲಿ ದಾಖಲು ಮಾಡಿಸುವ ಮಾತು ಬಂದಾಗ, "ಇರಲಿ ಬಿಡು, ಬೀರುವಿನಲ್ಲಿ ಭದ್ರವಾಗಿದೆಯಲ್ಲ" ಎಂದುಬಿಡುತ್ತೇವೆ. ನಂಬಿಕೆ ಇರುವಲ್ಲಿ ದಾಖಲೆ ಕೇಳುವುದು ನಂಬಿಕೆಗೆ ಮಾಡುವ ಅವಮಾನವೇ? ಈ ಪ್ರಶ್ನೆಯನ್ನು ಓದುಗ ಮಿತ್ರರೊಂದಿಗೆ ಸ್ವಲ್ಪ ವಿಚಾರ ಮಾಡೋಣ.

ಮೊದಲು ಇಲ್ಲಿನ ಪದ್ಧತಿಯನ್ನು ನೋಡೋಣ. ಭಾರತದಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು 1908ರ ನೋಂದಣಿ ಕಾಯಿದೆಯ ಪ್ರಕಾರ, ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆ ಜಮೀನುಗಳ ಕ್ರಯಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗದೆ ಕ್ರಯ ಪೂರ್ತಿಯಾಗುವುದಿಲ್ಲ. ಆದ್ದರಿಂದ ನಮ್ಮನ್ನು ಮಾಲೀಕರನ್ನಾಗಿ ಮಾಡುವುದು ಕಚೇರಿಯ ಮುದ್ರೆಯೇ ಎಂಬ ತಿಳಿವಳಿಕೆ ನಮ್ಮದು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹಾಗಲ್ಲ. ಕೊಡುವವನು ಸಹಿ ಮಾಡಿ ಡೀಡನ್ನು ಕೊಳ್ಳುವವನಿಗೆ ಒಪ್ಪಿಸಿದರೆ ಅವರಿಬ್ಬರ ನಡುವೆ ವ್ಯವಹಾರ ಮುಗಿದಂತೆಯೇ. ಕೌಂಟಿ ಕಚೇರಿ ಆಮೇಲೆ ಅದಕ್ಕೆ ದಿನ, ಗಂಟೆ, ಸಂಖ್ಯೆಗಳನ್ನು ಹಾಕಿ, ನಕಲು ಇಟ್ಟುಕೊಂಡು, ಕೊಟ್ಟವರ ಮತ್ತು ಪಡೆದವರ ಹೆಸರುಗಳ ಸೂಚಿಯಲ್ಲಿ ಸೇರಿಸಿ, ಮೂಲಪತ್ರವನ್ನು ಹಿಂದಿರುಗಿಸುತ್ತದೆ. ಆ ಸೂಚಿಯನ್ನು ಯಾರು ಬೇಕಾದರೂ ನೋಡಬಹುದು.

ಹಾಗಾದರೆ ಇಬ್ಬರ ನಡುವೆ ಆಗಲೇ ಮುಗಿದುಹೋದ ವ್ಯವಹಾರಕ್ಕೆ ಈ ದಾಖಲೆ ಯಾರಿಗಾಗಿ? ಆ ಇಬ್ಬರಿಗಾಗಿ ಅಲ್ಲ. ಆ ಹೊತ್ತು ಅಲ್ಲಿ ಇರದಿದ್ದ ಮೂರನೆಯವನಿಗಾಗಿ. ಬೀರುವಿನಲ್ಲಿ ಡೀಡ್ ಇಟ್ಟ ತಮ್ಮನನ್ನೇ ತೆಗೆದುಕೊಳ್ಳೋಣ. ಅಣ್ಣನಿಗೆ ಕಷ್ಟ ಬಂದು ಮನೆಯನ್ನು ಮಾರುತ್ತಾನೆ, ಇಲ್ಲವೇ ಅದರ ಮೇಲೆ ಸಾಲ ಎತ್ತುತ್ತಾನೆ. ಕೊಳ್ಳುವವನು ಕೌಂಟಿ ಪುಸ್ತಕ ನೋಡುತ್ತಾನೆ, ಅಲ್ಲಿ ಅಣ್ಣನ ಹೆಸರೊಂದೇ ಇದೆ. ಪೂರ್ತಿ ಹಣ ಕೊಟ್ಟು ಕೊಳ್ಳುತ್ತಾನೆ. ತಮ್ಮನ ಪಾಲಿನ ಸುದ್ದಿಯೇ ತಿಳಿಯದೆ ಕೊಂಡವನನ್ನು ಹೆಚ್ಚಿನ ರಾಜ್ಯಗಳ ಕಾನೂನು ಕಾಪಾಡುತ್ತದೆ. ಇದು ತಮ್ಮನಿಗೆ ಅನ್ಯಾಯವೆಂದು ತೋರಬಹುದು. ಆದರೆ ಕೊಂಡವನು ಮಾಡಿದ ತಪ್ಪಾದರೂ ಏನು? ಅಣ್ಣ ತಮ್ಮಂದಿರ ಪ್ರೀತಿಯನ್ನು ಅವನು ಎಲ್ಲಿ ಹೋಗಿ ಓದಬೇಕಿತ್ತು?

ನಮ್ಮ ಪೂರ್ವಿಕರಿಗೆ ಇದು ತಿಳಿಯದ ಸಂಗತಿಯಲ್ಲ. ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಹಲ್ಮಿಡಿ ಶಾಸನವೂ ಒಂದು ದತ್ತಿಯ ದಾಖಲೆಯೇ. ಅದನ್ನು ಅಳಿದವರಿಗೆ ಮಹಾಪಾತಕವೆಂಬ ಎಚ್ಚರಿಕೆಯೂ ಅದರಲ್ಲಿದೆ. ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಮೇಲೆ ಸೂರ್ಯ ಚಂದ್ರರು, ಕೆಳಗೆ ಗಡಿಯ ವಿವರ, ಕೊನೆಗೆ ಶಾಪ. ಕೊಟ್ಟ ಅರಸನಿಗೂ ಪಡೆದವನಿಗೂ ಪರಸ್ಪರ ನಂಬಿಕೆ ಇರಲಿಲ್ಲವೆಂದೇ? ಅಲ್ಲ. ಅವರಿಬ್ಬರೂ ಹೋದ ಮೇಲೆ ಬರುವವರಿಗಾಗಿ ಕಲ್ಲನ್ನು ದೇವಸ್ಥಾನದ ಮುಂದೆ, ಹೊಲದ ಅಂಚಿನಲ್ಲಿ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು.

ಆದರೆ ದಾಖಲೆಯನ್ನೇ ಧರ್ಮವೆಂದು ಭಾವಿಸುವುದೂ ಸರಿಯಲ್ಲ. ಕೌಂಟಿ ಗುಮಾಸ್ತರು ನೋಡುವುದು ಸಹಿ, ನೋಟರಿ ಮುದ್ರೆ, ಸ್ವತ್ತಿನ ವಿವರ, ಶುಲ್ಕ ಇಷ್ಟನ್ನೇ. ಬರೆದದ್ದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ನಾರ್ತ್ ಕ್ಯಾರೊಲೈನಾದಂಥ ರಾಜ್ಯದಲ್ಲಿ ಹಣ ಕೊಟ್ಟು ಕೊಂಡು ಮೊದಲು ದಾಖಲು ಮಾಡಿಸಿದವನದೇ ಮೇಲುಗೈ. ಅದಾಗಲೇ ಇನ್ನೊಬ್ಬರಿಗೆ ಮಾರಿದ್ದಾರೆಂದು ಅವನಿಗೆ ಗೊತ್ತಿದ್ದರೂ ಅಷ್ಟೇ. ಕಾನೂನು ಅವನನ್ನು ಗೆಲ್ಲಿಸಬಹುದು; ಅವನ ಮನಸ್ಸು ಗೆಲ್ಲಿಸೀತೇ?

ಇನ್ನು, ದಾಖಲೆಯ ದಾರಿಯನ್ನೇ ಮುಚ್ಚಿದ್ದ ಕಾಲವೂ ಈ ದೇಶದಲ್ಲಿತ್ತು. ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿಭೂಮಿ ಕೊಳ್ಳಬಾರದೆಂದು ಕ್ಯಾಲಿಫೋರ್ನಿಯ 1913ರಲ್ಲಿ ಕಾನೂನು ಮಾಡಿತು. ಭಾರತೀಯರು ಆ ಗುಂಪಿಗೇ ಸೇರಿದವರೆಂದು 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯ ತೀರ್ಪಿನಿಂದಾಯಿತು. ಆಗ ಅಲ್ಲಿನ ಪಂಜಾಬಿ ರೈತರಲ್ಲಿ ಅನೇಕರು ಜಮೀನನ್ನು ಅಮೆರಿಕನ್ ಸ್ನೇಹಿತರ ಹೆಸರಿನಲ್ಲೋ, ಇಲ್ಲಿ ಹುಟ್ಟಿದ ಮಕ್ಕಳ ಹೆಸರಿನಲ್ಲೋ ಇಟ್ಟರು. ಕೌಂಟಿ ಪುಸ್ತಕದಲ್ಲಿ ಒಂದು ಹೆಸರು, ಹೊಲದಲ್ಲಿ ಇನ್ನೊಬ್ಬರ ಬೆವರು. ಆ ಸ್ನೇಹಿತ ಮಾತಿಗೆ ತಪ್ಪಿದ್ದರೆ ಹೋಗಿ ಕೇಳಲು ಅವರಿಗೆ ಜಾಗವಿರಲಿಲ್ಲ. 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯುವವರೆಗೆ ಅವರ ಪಾಲಿಗಿದ್ದದ್ದು ಕೊಟ್ಟ ಮಾತೊಂದೇ. ಬಾಯಿಮಾತಿನ ಬೆಲೆಯನ್ನು ಅವರಷ್ಟು ಬಲ್ಲವರಿಲ್ಲ. ತಮ್ಮ ಹೆಸರಿನಲ್ಲಿ ಒಂದು ಕಾಗದ ಮಾಡಿಸುವ ಹಕ್ಕಿನ ಬೆಲೆಯನ್ನು ಬಲ್ಲವರೂ ಅವರೇ. ಅವರಿಗೆ ಇಲ್ಲದಿದ್ದ ಹಕ್ಕು ನಮಗಿದೆ. ಅದನ್ನು ಸಂಕೋಚಕ್ಕಾಗಿ ಬಿಟ್ಟುಕೊಡುವುದು ಅವರ ನೆನಪಿಗೆ ತಕ್ಕದ್ದಲ್ಲ.

ಬರೆಯದೆ ಉಳಿದ ನಂಬಿಕೆಗೆ ಬೆಲೆ ತೆರುವವರು ಸಾಮಾನ್ಯವಾಗಿ ನಂಬಿದವರಲ್ಲ, ಅವರ ಮೊಮ್ಮಕ್ಕಳು. ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಕುಟುಂಬಗಳು ಹೊಟ್ಟೆ ಬಟ್ಟೆ ಕಟ್ಟಿ ಜಮೀನು ಕೊಂಡವು. ಕೋರ್ಟು ಕಚೇರಿಗಳನ್ನು ನಂಬದಿರಲು ಅವರಿಗೆ ಸಾಕಷ್ಟು ಕಾರಣವಿತ್ತು. ಅನೇಕರು ಉಯಿಲು ಬರೆಯಲಿಲ್ಲ, ಪಾಲುಗಳನ್ನು ದಾಖಲು ಮಾಡಿಸಲಿಲ್ಲ. ಎರಡು ಮೂರು ತಲೆಮಾರಿನಲ್ಲಿ ಒಂದೊಂದು ಜಮೀನಿಗೆ ಹತ್ತಾರು ಪಾಲುದಾರರಾದರು. ಎಲ್ಲೋ ದೂರದಲ್ಲಿದ್ದ ಒಬ್ಬನ ಸಣ್ಣ ಅಂಶವನ್ನು ಹೊರಗಿನವರು ಕೊಂಡು, ಕೋರ್ಟಿನ ಮೂಲಕ ಇಡೀ ಜಮೀನನ್ನೇ ಹರಾಜಿಗೆ ತಂದರು. ಇಂಥ ಹರಾಜಿಗೆ ಕಡಿವಾಣ ಹಾಕಲು 2010ರಲ್ಲಿ ಒಂದು ಮಾದರಿ ಕಾಯಿದೆ ಸಿದ್ಧವಾಯಿತು. ಹಲವು ರಾಜ್ಯಗಳು ಅದನ್ನು ಒಪ್ಪಿಕೊಂಡಿವೆ. ಅಷ್ಟರಲ್ಲಿ ಹೋದ ಭೂಮಿ ಹೋಗಿತ್ತು.

ಆದ್ದರಿಂದ ನಮಗೆ ತೋರುವುದಿಷ್ಟು. ನಂಬಿಕೆ ಇಬ್ಬರ ನಡುವಿನ ಗುಣ. ದಾಖಲೆ ಆ ಇಬ್ಬರು ಸೇರಿ ಮೂರನೆಯವರಿಗೆ ಸಲ್ಲಿಸುವ ಋಣ. ಒಂದು ಇನ್ನೊಂದರ ಜಾಗವನ್ನು ತುಂಬಲಾರದು. "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಕೇಳುವ ಅಣ್ಣನಿಗೆ, "ನಿನ್ನ ಮೇಲೆ ನಂಬಿಕೆ ಇದೆ ಅಣ್ಣ, ಆಯುಸ್ಸಿನ ಮೇಲೆ ಇಲ್ಲ" ಎಂದು ತಮ್ಮ ಮರ್ಯಾದೆಯಿಂದಲೇ ಹೇಳಬಹುದು. ಅಣ್ಣನೇ ಮುಂದಾಗಿ, ಒಬ್ಬ ವಕೀಲರನ್ನು ವಿಚಾರಿಸಿ, ದಾಖಲು ಮಾಡಿಸಿಕೊಟ್ಟರಂತೂ ಅದಕ್ಕಿಂತ ದೊಡ್ಡತನವಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಇನ್ನೂ ಒಂದು ಮಾತುಂಟು. ನಾವು ಒಬ್ಬರಿಗೊಬ್ಬರು ಮಾತು ಕೊಡುವುದು ಕನ್ನಡದಲ್ಲಿ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ. ನಮ್ಮ ಮಕ್ಕಳು ಆಗ ಪಕ್ಕದ ಕೋಣೆಯಲ್ಲಿ ಆಡುತ್ತಿರುತ್ತಾರೆ. ಆ ಮಾತು ಅವರ ಕಿವಿಗೆ ಬಿದ್ದಿರುವುದಿಲ್ಲ, ಬಿದ್ದರೂ ಎಷ್ಟೋ ಮಕ್ಕಳಿಗೆ ಪೂರ್ತಿ ಅರ್ಥವಾಗಿರುವುದಿಲ್ಲ. ನಾಳೆ ಆ ಮನೆಯ ಬಾಗಿಲಲ್ಲಿ ಎದುರುಬದುರಾಗಿ ನಿಲ್ಲುವವರು ಅವರೇ. ಕೌಂಟಿ ಪುಸ್ತಕ ಹುಡುಕುವ ಆ ಮೂರನೆಯವನು ಅಪರಿಚಿತನೇ ಆಗಿರಬೇಕೆಂದಿಲ್ಲ.